ತಪಸಿ: ನಮ್ಮ ಬಿಸಿಲು ತಾಳುವ ಎಲ್ಮ್ ಮರವನ್ನು ಗುರುತಿಸಿ ಬೆಳೆಸುವ ಬಗೆ

ಏಪ್ರಿಲ್ ಗಾಳಿಗೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ, ಹಪ್ಪಳದಂತೆ ತೆಳುವಾದ ಒಣ ಬಿಲ್ಲೆಗಳು ದಾರಿಯಲ್ಲಿ ಉರುಳಾಡುತ್ತಿದ್ದರೆ ಹತ್ತಿರದಲ್ಲೆಲ್ಲೋ ತಪಸಿ ಮರ ಇದೆ ಎಂದು ತಿಳಿಯಿರಿ. ಆ ಬಿಲ್ಲೆಯೇ ಅದರ ಕಾಯಿ. ಹಿಂದಿಯವರು ಇದಕ್ಕಿಟ್ಟ ಹೆಸರುಗಳಲ್ಲಿ 'ಪಾಪಡಿ' ಎಂಬುದೂ ಒಂದು. ನೋಡಿದವರಿಗೆಲ್ಲ ಹಪ್ಪಳವೇ ನೆನಪಾಗಿದೆ. ಮರಾಠಿಯಲ್ಲಿ ವಾವಳ. ರಾಯಚೂರು, ಬಳ್ಳಾರಿಯ ಗಡಿ ಹಳ್ಳಿಗಳ ತೆಲುಗಿನವರನ್ನು ಕೇಳುವುದಾದರೆ 'ನೆಮಲಿನಾರ' ಎಂದು ಕೇಳಿ. ಆಯುರ್ವೇದದ ಗ್ರಂಥಗಳಲ್ಲಿ ಬರುವ ಚಿರಬಿಲ್ವ ಇದೇ. ಪೂಜೆಯ ಬಿಲ್ವಪತ್ರೆಗೂ ಇದಕ್ಕೂ ಹೆಸರಿನಲ್ಲಿ ಬಿಟ್ಟರೆ ಯಾವ ನಂಟೂ ಇಲ್ಲ.

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಬೇಸಿಗೆ 42 ಡಿಗ್ರಿ ಮುಟ್ಟುತ್ತದೆ. ಎಲ್ಮ್ ಎಂದರೆ ಹೆಚ್ಚಾಗಿ ಯುರೋಪು, ಅಮೆರಿಕ, ಏಷ್ಯಾದ ತಂಪು ಸೀಮೆಗಳಲ್ಲಿ ಬೆಳೆಯುವ ಮರಗಳ ಗುಂಪು. ಇಷ್ಟನ್ನೂ ತಾಳಿಕೊಂಡು ಬೆಳೆಯುವ ಎಲ್ಮ್ ಜಾತಿಯ ಮರ ಬೇಕೆಂದರೆ ಹೊರಗೆ ಹುಡುಕಬೇಕಿಲ್ಲ. ತಪಸಿಗೆ ಒಂದೇ ಒಂದು ತಕರಾರು ಇದೆ: ಅದರ ಬೀಜ ನಿಮಗಾಗಿ ಕಾಯುವುದಿಲ್ಲ. ಸಸಿ ಮಾಡಲು ಹೋಗಿ ಸೋತವರ ಹೆಚ್ಚಿನ ಸೋಲೂ ಅಲ್ಲಿಯದೇ. ಮೊದಲು ಹೆಸರು, ಗುರುತು ನೋಡಿ, ಆಮೇಲೆ ಆ ಬೀಜದ ವಿಷಯಕ್ಕೆ ಬರೋಣ.

ವೈಜ್ಞಾನಿಕ ಹೆಸರು

ಹೋಲೋಪ್ಟೀಲಿಯಾ ಇಂಟೆಗ್ರಿಫೋಲಿಯಾ. ಕುಟುಂಬ ಅಲ್ಮೇಸಿಯೆ, ಅಂದರೆ ಎಲ್ಮ್‌ಗಳ ಮನೆತನ. ಕೋರಮಂಡಲ ಕರಾವಳಿಯ ಗಿಡಗಳನ್ನು ವಿವರಿಸಿದ ವಿಲಿಯಂ ರಾಕ್ಸ್‌ಬರ್ಗ್ 18ನೇ ಶತಮಾನದ ಕೊನೆಯಲ್ಲಿ ಇದನ್ನು ಅಲ್ಮಸ್ ಇಂಟೆಗ್ರಿಫೋಲಿಯಾ ಎಂದು ಕರೆದ, ಅಂದರೆ ನೇರವಾಗಿ ಎಲ್ಮ್ ಕುಲಕ್ಕೇ ಸೇರಿಸಿದ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಪ್ಲಾಂಷಾನ್ 1848ರಲ್ಲಿ ಅದನ್ನು ಬೇರೆ ಕುಲವಾಗಿ ವಿಂಗಡಿಸಿದ. ಅದಕ್ಕೇ ಪುಸ್ತಕಗಳಲ್ಲಿ ಹೆಸರಿನ ಮುಂದೆ ರಾಕ್ಸ್‌ಬರ್ಗ್ ಆವರಣದೊಳಗೆ, ಪ್ಲಾಂಷಾನ್ ಆವರಣದ ಹೊರಗೆ ಇರುತ್ತಾರೆ: ಒಳಗಿನವನು ಮೊದಲು ಹೆಸರಿಟ್ಟವನು, ಹೊರಗಿನವನು ಈಗಿನ ಜಾಗಕ್ಕೆ ತಂದವನು. ಗ್ರೀಕಿನಲ್ಲಿ ಹೋಲೋಸ್ ಎಂದರೆ ಇಡಿಯಾದದ್ದು, ಪ್ಟೀಲಿಯಾ ಎಂದರೆ ಎಲ್ಮ್. ಇಂಟೆಗ್ರಿಫೋಲಿಯಾ ಎಂಬ ಲ್ಯಾಟಿನ್ ಮಾತು ಹೇಳುವುದು ಎಲೆಯ ಅಂಚು ಹರಿದಿಲ್ಲ, ಇಡಿಯಾಗಿದೆ ಎಂದು. ಈ ಕುಲದಲ್ಲಿ ಇರುವುದೇ ಎರಡು ಜಾತಿ, ಇನ್ನೊಂದು ಆಫ್ರಿಕಾದ್ದು.

ನರ್ಸರಿಯಲ್ಲಿ ಬರೀ 'ಎಲ್ಮ್' ಎಂದು ಕೇಳಿದರೆ ಬೇರೆ ಗಿಡ ಕೈಗೆ ಬರಬಹುದು. ಇಂಟರ್ನೆಟ್ಟಿನಲ್ಲಿ 'ಗಟ್ಟಿ ಎಲ್ಮ್' ಎಂದು ಹೊಗಳಿಸಿಕೊಳ್ಳುವುದು ಸೈಬೀರಿಯಾದ ಎಲ್ಮ್, ವೈಜ್ಞಾನಿಕವಾಗಿ ಅಲ್ಮಸ್ ಪ್ಯೂಮಿಲಾ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಮಧ್ಯ ಏಷ್ಯಾ, ಮಂಗೋಲಿಯಾ, ಉತ್ತರ ಚೀನಾ, ಕೊರಿಯಾ ಅದರ ತವರು. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ, ಯುರೋಪು ಅಮೆರಿಕದ ಎಲ್ಮ್‌ಗಳನ್ನು ಸಾಲುಸಾಲಾಗಿ ಕೊಂದ ಡಚ್ ಎಲ್ಮ್ ಶಿಲೀಂಧ್ರ ರೋಗಕ್ಕೂ ಸಾಕಷ್ಟು ಬಗ್ಗದು. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ದೂಳಿನ ಗಾಳಿ ತಡೆಯಲು ಸಾಲು ಮರವಾಗಿ ನೆಟ್ಟವುಗಳಲ್ಲಿ ಅದೂ ಒಂದು. ಗಟ್ಟಿ ಮರವೇ ಸರಿ, ಆದರೆ ಚಳಿಗೆ ಗಟ್ಟಿ. ಚಳಿಗಾಲದಲ್ಲಿ ಮಲಗಿ ಏಳುವ ಮರವನ್ನು ತಂದು ಸಿಂಧನೂರಿನ ಬಿಸಿಲಲ್ಲಿ ನಿಲ್ಲಿಸಿ ಹಣ ಕಳೆಯಬೇಡಿ. ಇನ್ನು ಚೈನೀಸ್ ಎಲ್ಮ್, ಅಂದರೆ ಅಲ್ಮಸ್ ಪಾರ್ವಿಫೋಲಿಯಾ, ಬೋನ್ಸಾಯ್ ಕುಂಡದ ಗಿಡ. ಕುಂಡದಲ್ಲಿ ಇಟ್ಟುಕೊಳ್ಳುವುದಾದರೆ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ನೆರಳು, ದಿನಕ್ಕೆರಡು ಸಲ ನೀರು ಬೇಕು. ಹೊಲಕ್ಕೆ ಅದರ ಮಾತೇ ಬೇಡ.

ಮರ ಗುರುತಿಸುವುದು

ಬೆಳೆದ ತಪಸಿ 15ರಿಂದ 20 ಮೀಟರ್ ಎತ್ತರ ಹೋಗುತ್ತದೆ, ಒಳ್ಳೆಯ ಮಣ್ಣಿದ್ದರೆ ಇನ್ನೂ ಎತ್ತರ. ಕೊಂಬೆಗಳು ಅಗಲಕ್ಕೆ ಹರಡುತ್ತವೆ. ತೊಗಟೆ ಬೂದು ಬಣ್ಣ, ಮೈಮೇಲೆ ಸಣ್ಣ ಗುಳ್ಳೆಗಳಂಥ ಉಬ್ಬು. ಮುದಿ ಮರದಲ್ಲಿ ಅದು ಬೆಂಡಿನಂಥ ಚಕ್ಕೆಯಾಗಿ ಉದುರುತ್ತದೆ. ಎಳೆ ಕೊಂಬೆಯ ತೊಗಟೆ ಎಳೆದರೆ ಪುಡಿಯಾಗದೆ ಪಟ್ಟಿಯಾಗಿ ಸುಲಿದು ಬರುತ್ತದೆ. ತೆಲುಗು ಹೆಸರಿನ ಕೊನೆಯಲ್ಲಿ 'ನಾರ' ಇರುವುದು ಸುಮ್ಮನೆ ಅಲ್ಲ.

ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಬಿಡಿ ಎಲೆ, ಕೊಂಬೆಯ ಆಚೆ ಈಚೆ ಒಂದಾದ ಮೇಲೊಂದು ಬಂದಿರುತ್ತದೆ, ಜೋಡಿಯಾಗಿ ಎದುರುಬದುರು ಅಲ್ಲ. ಉದ್ದ 8ರಿಂದ 13 ಸೆಂಟಿಮೀಟರ್, ಅಗಲ ಅದರ ಅರ್ಧಕ್ಕಿಂತ ತುಸು ಕಡಿಮೆ. ತುದಿ ಚೂಪು, ಬುಡ ದುಂಡಗೆ ಅಥವಾ ಸ್ವಲ್ಪ ಹೃದಯದ ಆಕಾರ. ನಡುನರದ ಎರಡು ಬದಿಯನ್ನು ಬುಡದ ಹತ್ತಿರ ಹೋಲಿಸಿ ನೋಡಿದರೆ ಒಂದು ಬದಿ ಕೂದಲೆಳೆಯಷ್ಟು ಕೆಳಗೆ ಇಳಿದಿರುವುದು ಎಷ್ಟೋ ಎಲೆಗಳಲ್ಲಿ ಕಾಣುತ್ತದೆ. ಎಲ್ಮ್ ಮನೆತನದ ಹಳೇ ಗುರುತು ಅದು. ಅಂಚು ನುಣುಪು. ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಕೆಟ್ಟ ವಾಸನೆ. ಒಮ್ಮೆ ಮೂಸಿದವರು ಮತ್ತೆ ಗುರುತು ತಪ್ಪುವುದಿಲ್ಲ.

ಇಲ್ಲಿ ಎಡವುವುದು ಎಳೆ ಸಸಿಯ ವಿಷಯದಲ್ಲಿ. ಸಸಿಯ ಎಲೆಗೂ, ಕಡಿದ ಬುಡದಿಂದ ಬಂದ ಚಿಗುರಿನ ಎಲೆಗೂ ಅಂಚಿನಲ್ಲಿ ಗರಗಸದ ಹಲ್ಲು ಇರುತ್ತದೆ. 'ಪುಸ್ತಕದಲ್ಲಿ ಅಂಚು ನುಣುಪು ಎಂದಿದೆ, ಇದು ತಪಸಿ ಅಲ್ಲ' ಎಂದು ಒಳ್ಳೆಯ ಸಸಿಯನ್ನೇ ಕಿತ್ತು ಎಸೆಯಬೇಡಿ. ಗಿಡ ದೊಡ್ಡದಾದಂತೆ ಹಲ್ಲು ಹೋಗುತ್ತದೆ.

ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ. ಜನವರಿಯಿಂದ ಮಾರ್ಚ್ ಒಳಗೆ, ಶಿವರಾತ್ರಿಯ ಆಸುಪಾಸಿಗೆ, ಉದುರಿದ ಎಲೆಯ ಗಾಯದ ಬಳಿ ಹಸಿರು ಕಂದು ಬಣ್ಣದ ಸಣ್ಣ ಹೂಗೊಂಚಲು. ದಳವಿಲ್ಲ, ಚಂದವಿಲ್ಲ, ಗಾಳಿಗೆ ಪರಾಗ ತೂರುವ ಹೂವಿಗೆ ಚಂದದ ಅಗತ್ಯವೂ ಇಲ್ಲ. ಯುಗಾದಿ ಹೊತ್ತಿಗೆ ದೂರದಿಂದ ನೋಡಿದರೆ ಮರ ತುಂಬ ಎಳೆ ಹಸಿರು. ಎಲೆ ಚಿಗುರಿತು ಎಂದುಕೊಳ್ಳುತ್ತೇವೆ. ಹತ್ತಿರ ಹೋಗಿ ಕೊಂಬೆ ಬಗ್ಗಿಸಿದರೆ ಅದು ಎಲೆಯಲ್ಲ, ಗೊಂಚಲು ಗೊಂಚಲಾಗಿ ಜೋತ ಕಾಯಿ. ಒಂದನ್ನು ಕಿತ್ತು ಬಿಸಿಲಿಗೆ ಹಿಡಿಯಿರಿ: ನಡುವೆ ಚಪ್ಪಟೆ ಬೀಜದ ಉಬ್ಬು, ಸುತ್ತ ತೆಳು ರೆಕ್ಕೆ, ರೆಕ್ಕೆ ತುಂಬ ಬಲೆ ಹೆಣೆದಂಥ ನರ, ನೆತ್ತಿಯಲ್ಲಿ ಒಂದು ಸಣ್ಣ ಕಚ್ಚು. ಅಗಲ ಸುಮಾರು 2.5 ಸೆಂಟಿಮೀಟರ್. ರೆಕ್ಕೆ ಬಿಡಿಸಿ ಒಳಗಿನ ಬೀಜ ತಿನ್ನಲೂಬಹುದು, ಬಾದಾಮಿಯ ಜಾತಿಯ ರುಚಿ. ಮಂಗ, ಅಳಿಲು, ಮಕ್ಕಳು ಮೂವರಿಗೂ ಗೊತ್ತಿರುವ ಸಂಗತಿ ಇದು.

ದುಂಡು ರೆಕ್ಕೆಯ ಕಾಯಿ ಹೊನ್ನೆ ಮರಕ್ಕೂ ಇದೆ. ಬಿದ್ದ ಕಾಯಿ ಮಾತ್ರ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಹೊನ್ನೆ ಕಾಯಿ ದೊಡ್ಡದು, ದಪ್ಪ, ನಡುವೆ ಗಟ್ಟಿ ಗಂಟು. ಉಗುರಲ್ಲಿ ಸೀಳಲು ಬಾರದು. ಎಲೆಯೂ ಒಂದೇ ತೊಟ್ಟಿನಲ್ಲಿ ಐದಾರು ಉಪಎಲೆಗಳದ್ದು. ತಪಸಿ ರೆಕ್ಕೆಯನ್ನು ಎರಡು ಬೆರಳಲ್ಲಿ ಹರಿಯಬಹುದು. ಗ್ರಂಥಿಗೆ ಅಂಗಡಿಗಳಲ್ಲಿ ಕರಂಜ, ಚಿರಬಿಲ್ವ ಎಂಬ ಹೆಸರುಗಳು ಕಲಸಿಹೋಗಿರುತ್ತವೆ, ಅಲ್ಲಿ ಸಿಗುವ ಬೀಜ ಹೊಂಗೆಯದ್ದೂ ಆಗಿರಬಹುದು. ಬಿತ್ತನೆಗೆ ಅಂಗಡಿ ಬೀಜ ಬೇಡವೇ ಬೇಡ.

ಬೀಜ ಹಿಡಿಯುವುದು

ಕಾಯಿ ಹಸಿರಿನಿಂದ ಒಣ ಹುಲ್ಲಿನ ಬಣ್ಣಕ್ಕೆ ತಿರುಗಿ, ಕೊಂಬೆ ಅಲುಗಿಸಿದರೆ ಸರಸರ ಸದ್ದು ಬಂದಾಗ ಪಕ್ವವಾಯಿತು. ನಮ್ಮಲ್ಲಿ ಏಪ್ರಿಲ್‌ನಿಂದ ಮೇ ಮೊದಲ ವಾರಗಳು. ಮರದಿಂದ ಮರಕ್ಕೆ ಎರಡು ವಾರ ಹಿಂದೆ ಮುಂದೆ ಆಗುವುದುಂಟು, ಹಾಗಾಗಿ ಮಾರ್ಚ್ ಕೊನೆಯಿಂದಲೇ ಮರದ ಮೇಲೆ ಕಣ್ಣಿಡಿ. ಒಂದು ದೊಡ್ಡ ಗಾಳಿ ಬೀಸಿದರೆ ಮರ ಒಂದೇ ದಿನಕ್ಕೆ ಖಾಲಿ.

ಬೆಳಿಗ್ಗೆ ಗಾಳಿ ಏಳುವ ಮುನ್ನ ಮರದ ಕೆಳಗೆ ತಾಡಪತ್ರಿ ಅಥವಾ ಹಳೆ ಸೀರೆ ಹಾಸಿ, ಉದ್ದ ಗಳದಿಂದ ಕೊಂಬೆ ಅಲ್ಲಾಡಿಸಿ. ನೆಲದಲ್ಲಿ ಮೊದಲೇ ಬಿದ್ದದ್ದನ್ನು ಗುಡಿಸಿ ತರಬೇಡಿ. ಮೊದಲು ಉದುರುವವುಗಳಲ್ಲಿ ಜೊಳ್ಳು ಜಾಸ್ತಿ, ಬಿದ್ದು ಬಿಸಿಲಲ್ಲಿ ಬೆಂದದ್ದು ಮೊಳೆಯದು, ಉಳಿದದ್ದನ್ನು ಹುಳು ಕೊರೆದಿರುತ್ತದೆ. ಒಂದೇ ಮರದಿಂದ ತುಂಬಿಕೊಳ್ಳುವುದಕ್ಕಿಂತ ನಾಲ್ಕೈದು ಮರದ ಬೀಜ ಕಲಸುವುದು ಲೇಸು. ಒಂಟಿ ಮರದ ಕಾಯಿಯಲ್ಲಿ ಜೊಳ್ಳಿನ ಪ್ರಮಾಣ ಹೆಚ್ಚಿರಬಹುದು, ಸಸಿಗಳಲ್ಲೂ ವೈವಿಧ್ಯ ಇರುವುದಿಲ್ಲ.

ಜೊಳ್ಳು ಪರೀಕ್ಷೆಗೆ ನೀರಿನ ಲೋಟ ಉಪಯೋಗವಿಲ್ಲ. ರೆಕ್ಕೆ ಇರುವುದರಿಂದ ಗಟ್ಟಿ ಬೀಜವೂ ತೇಲುತ್ತದೆ, ಜೊಳ್ಳೂ ತೇಲುತ್ತದೆ. ಬೆರಳು ಸಾಕು. ಬಿಲ್ಲೆಯ ನಡುವನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದಾಗ ಬೇಳೆಯಂತೆ ತುಂಬಿದ ಗಟ್ಟಿ ಸಿಕ್ಕರೆ ಬೀಜ, ಕಾಗದದಂತೆ ಮಡಿದರೆ ಜೊಳ್ಳು. ರಾಶಿಯಿಂದ ಕಣ್ಣುಮುಚ್ಚಿ 20 ತೆಗೆದು ಬ್ಲೇಡಿನಿಂದ ಅಡ್ಡ ಕೊಯ್ಯಿರಿ. ಒಳಗೆ ಬಿಳಿ, ಹಸಿಯಾದ ತಿರುಳು ಎಷ್ಟರಲ್ಲಿ ಇದೆಯೋ ಎಣಿಸಿ. 12ಕ್ಕಿಂತ ಕಡಿಮೆ ಬಂದರೆ ಬೇರೆ ಮರ ಹುಡುಕಿ, ಇಲ್ಲವೇ ಚೀಲಕ್ಕೆ ಹಾಕುವ ಬೀಜ ದುಪ್ಪಟ್ಟು ಮಾಡಿ.

ಕಿಲೋಗೆ ಸುಮಾರು 25ರಿಂದ 30 ಸಾವಿರ ಬೀಜ ಬರುತ್ತವೆ. 200 ಸಸಿ ಬೇಕಿದ್ದರೆ 300 ಚೀಲ, ಚೀಲಕ್ಕೆ 2 ಬೀಜ, ಜೊಳ್ಳಿಗೆ ಒಂದಿಷ್ಟು ಸೇರಿಸಿದರೂ 50 ಗ್ರಾಂ ಧಾರಾಳ ಆಯಿತು. ಗೋಣಿಚೀಲ ತುಂಬಿಸಿಕೊಂಡು ಹೋಗುವವರ ಬೀಜದಲ್ಲಿ ಮುಕ್ಕಾಲು ಪಾಲು ಮನೆ ಅಟ್ಟದಲ್ಲೇ ಸಾಯುತ್ತದೆ.

ತಂದ ಬೀಜವನ್ನು ನೆರಳಲ್ಲಿ ತೆಳ್ಳಗೆ ಹರಡಿ ಎರಡು ದಿನ ಆರಿಸಿ. ಗಾಳಿಗೆ ಹಾರದಂತೆ ಮೇಲೆ ಸೊಳ್ಳೆ ಪರದೆಯ ತುಂಡು. ಹಸಿ ಇರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೆ ಕಾವು ಹುಟ್ಟಿ ಒಂದೇ ರಾತ್ರಿಯಲ್ಲಿ ಬೂಸಲು. ಆರಿದ ಮೇಲೆ ಒಂದು ವಾರದೊಳಗೆ ಬಿತ್ತಿಬಿಡಿ. ತೀರಾ ತಡವಾಗುವುದಾದರೆ ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿಟ್ಟು ಕೆಲವು ವಾರ ಎಳೆಯಬಹುದು, ಆದರೆ ಮೊಳಕೆ ಪ್ರಮಾಣ ವಾರ ವಾರಕ್ಕೂ ಇಳಿಯುತ್ತದೆ. 'ಮೃಗಶಿರ ಮಳೆ ಬರಲಿ, ಆಮೇಲೆ ಬಿತ್ತೋಣ' ಎಂಬುದು ಜೋಳಕ್ಕೆ, ತೊಗರಿಗೆ ಸರಿಯಾದ ಲೆಕ್ಕ. ತಪಸಿಗೆ ಆ ಲೆಕ್ಕ ಹಾಕಿದವರು ಖಾಲಿ ಚೀಲಕ್ಕೆ ನೀರು ಹೊಯ್ಯುತ್ತಾರೆ.

ಸಸಿ ಮಾಡುವುದು

ಬೀಜ ಕಾಯುವುದಿಲ್ಲ ಎಂದರೆ ಬಿತ್ತನೆ ನಡುಬೇಸಿಗೆಯಲ್ಲೇ ಆಗಬೇಕು. ಅದಕ್ಕೆ ತಯಾರಿ ಮೊದಲೇ ಇರಲಿ: 6 ಇಂಚು ಅಗಲ 9 ಇಂಚು ಎತ್ತರದ ಪಾಲಿಥಿನ್ ಚೀಲ, ಕೆಳಭಾಗದಲ್ಲಿ ನಾಲ್ಕೂ ಕಡೆ ತೂತು. ಎರಡು ಬುಟ್ಟಿ ಕೆಂಪು ಮಸಾರಿ ಮಣ್ಣು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಜರಡಿ ಹಿಡಿದ ಕಳಿತ ತಿಪ್ಪೆಗೊಬ್ಬರ. ಎರೆ ಮಣ್ಣು ಬಿಟ್ಟರೆ ಬೇರೆ ಮಣ್ಣೇ ಸಿಗದ ಕಡೆ ಮರಳನ್ನು ಎರಡು ಬುಟ್ಟಿ ಮಾಡಿ, ಇಲ್ಲವಾದರೆ ಚೀಲ ಒಣಗಿದಾಗ ಇಟ್ಟಿಗೆಯಾಗುತ್ತದೆ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಗ್ಯಾರಂಟಿ.

ಚೀಲ ತುಂಬಿಸಿ, ನೀರು ಕೊಟ್ಟು, ಮಾರನೆಯ ದಿನ ಬಿತ್ತಿ. ಬಿಲ್ಲೆಯನ್ನು ಮಲಗಿಸಿ ಇಟ್ಟು, ಮೇಲೆ ಅರ್ಧ ಸೆಂಟಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರ್ ಮರಳು ಮಿಶ್ರಿತ ಮಣ್ಣು ಉದುರಿಸಿ. ರೆಕ್ಕೆ ಕೀಳುವುದು ಬೇಕಿಲ್ಲ, ನೆನೆಸುವುದೂ ಬೇಕಿಲ್ಲ. ಆಳಕ್ಕೆ ಹೂತರೆ ಮೊಳಕೆ ಮೇಲೆ ಬರುವ ಮುನ್ನ ಕೊಳೆಯುತ್ತದೆ. ಮಣ್ಣೇ ಮುಚ್ಚದೆ ಬಿಟ್ಟರೆ ಮೊದಲ ನೀರಿಗೇ ತೇಲಿ ಚೀಲದ ಹೊರಗೆ. ಮೇಲೆ ತೆಳ್ಳಗೆ ಒಣಹುಲ್ಲು ಹರಡಿ, ಮೊಳಕೆ ಕಂಡ ದಿನ ಅದನ್ನು ತೆಗೆಯಿರಿ. ಒಂದರಿಂದ ಮೂರು ವಾರದೊಳಗೆ ಮೊಳೆಯಬೇಕು. ಮೂರು ವಾರ ಕಳೆದರೂ ಬಾರದಿದ್ದರೆ ಆ ಚೀಲಗಳ ಮೇಲೆ ನೀರು ಖರ್ಚು ಮಾಡಬೇಡಿ.

ಮೇಲೆ ಶೇಕಡಾ 50ರ ನೆರಳು ಪರದೆ ಕಟ್ಟಿ, ಪರದೆ ನೆಲದಿಂದ 6 ಅಡಿ ಎತ್ತರ ಇರಲಿ. ತಗ್ಗಾಗಿ ಕಟ್ಟಿದರೆ ಒಳಗೆ ಬಿಸಿಗಾಳಿ ನಿಂತು ನೆರಳಲ್ಲೇ ಗಿಡ ಬೇಯುತ್ತದೆ. ಪಡುವಣ ಬದಿಗೂ ಒಂದು ಪರದೆ ಇಳಿಬಿಡಿ, ಏಪ್ರಿಲ್ ಮೇ ತಿಂಗಳ ಸಂಜೆ ನಾಲ್ಕರ ಬಿಸಿಲು ಬರುವುದು ಅಲ್ಲಿಂದ. ನೀರು ಬೆಳಿಗ್ಗೆ ಏಳರೊಳಗೆ ಮತ್ತು ಸಂಜೆ, ಸಣ್ಣ ತೂತಿನ ಝಾರಿಯಲ್ಲಿ. ಮಧ್ಯಾಹ್ನ ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕೈಗೆ ಸುಡುವಷ್ಟು ಬಿಸಿ ಇರುತ್ತದೆ. ಅದನ್ನೇ ಸಸಿಗೆ ಬಿಟ್ಟು 'ರೋಗ ಬಂತು' ಎನ್ನುವವರಿದ್ದಾರೆ.

ಮೊಳಕೆ ಬಂದ ಹದಿನೈದು ದಿನದಲ್ಲಿ ಬುಡ ನೀರು ನೀರಾಗಿ, ದಾರದಂತೆ ಸಣ್ಣಗಾಗಿ ಸಸಿ ಮಲಗಿಬಿಟ್ಟರೆ ಅದು ಬುಡಕೊಳೆ. ಕಾರಣ ಹೆಚ್ಚು ನೀರು, ಇಕ್ಕಟ್ಟು, ಗಾಳಿ ಇಲ್ಲದಿರುವುದು. ಸತ್ತ ಚೀಲ ಹೊರಗೆ ತೆಗೆಯಿರಿ, ಎರಡು ದಿನ ನೀರು ಅರ್ಧಕ್ಕಿಳಿಸಿ, ಚೀಲಗಳನ್ನು ಬಿಡಿಸಿಡಿ. ಬುಡ ಗಟ್ಟಿ ಇದ್ದು ಎಲೆ ತುದಿ ಸುಟ್ಟಂತಾಗಿ ಚೀಲದ ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ತಪ್ಪು ಬೋರಿನ ನೀರಿನದ್ದು. ಕಾಲುವೆ ನೀರು, ಕೆರೆ ನೀರು ತಂದು ಮೂರು ದಿನಕ್ಕೊಮ್ಮೆ ತೂತಿನಿಂದ ಹೊರಬರುವಷ್ಟು ಹೊಯ್ದು ಉಪ್ಪು ತೊಳೆಯಬೇಕು. ಈ ಎರಡರ ಭೇದ ಗೊತ್ತಿಲ್ಲದೆ ಮೊದಲನೆಯದಕ್ಕೂ ನೀರು ಸುರಿದರೆ ಇಡೀ ಸಾಲು ಹೋಗುತ್ತದೆ.

ಎರಡೂ ಬೀಜ ಮೊಳೆತ ಚೀಲದಲ್ಲಿ ನಾಲ್ಕು ಎಲೆ ಬಂದಾಗ ಒಂದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಉಳಿಯಬೇಕಾದ್ದರ ಬೇರೂ ಅಲುಗುತ್ತದೆ. ಎರಡು ತಿಂಗಳಿಗೊಮ್ಮೆ ಚೀಲ ಎತ್ತಿ ಜಾಗ ಬದಲಿಸಿ, ಬೇರು ಚೀಲದ ತಳ ತೂರಿ ನೆಲ ಹಿಡಿಯದಂತೆ ನೋಡಿಕೊಳ್ಳಿ.

ಯಾವಾಗ ನೆಡಬೇಕು

ಮೇ ತಿಂಗಳಲ್ಲಿ ಬಿತ್ತಿದ ಸಸಿ ಅದೇ ಮುಂಗಾರಿಗೆ ತಯಾರಿರುವುದಿಲ್ಲ, ಜೂನ್‌ನಲ್ಲಿ ಅದಿನ್ನೂ ಬೆರಳುದ್ದ. ನಿಮ್ಮ ಮುಂದೆ ಎರಡು ದಾರಿ. ಒಂದು, ಅದೇ ವರ್ಷ ಸೆಪ್ಟೆಂಬರಿನ ಉತ್ತರಿ ಮಳೆಗೆ ನೆಡುವುದು. ನಮ್ಮ ಸೀಮೆಗೆ ಒಳ್ಳೆಯ ಮಳೆ ಸಿಗುವುದೂ ಆ ಹೊತ್ತಿಗೇ. ಆದರೆ ಗಿಡ ಸಣ್ಣದು, ಮುಂದಿನ ಬೇಸಿಗೆಗೆ ಬೇರು ಆಳಕ್ಕೆ ಹೋಗಿರುವುದಿಲ್ಲ, ನೀರಿನ ಸೌಕರ್ಯ ಇಲ್ಲದಿದ್ದರೆ ಅರ್ಧ ಸಾಯುತ್ತವೆ. ಎರಡು, ವರ್ಷವಿಡೀ ಚೀಲದಲ್ಲಿ ಸಾಕಿ, ಮೊಣಕಾಲು ಮೀರಿ ಸೊಂಟದತ್ತ ಬಂದ ಸಸಿಯನ್ನು ಮುಂದಿನ ಜೂನ್ ಜುಲೈಗೆ ನೆಡುವುದು. ಹೊಲದಲ್ಲಿ ಬೋರು ಅಥವಾ ಕಾಲುವೆ ಇದ್ದವರು ಮೊದಲನೆಯದು ಮಾಡಬಹುದು. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆ ನಂಬಿದ ಹೊಲಕ್ಕೆ ಎರಡನೆಯದೇ ಸರಿ. ಒಂದು ವರ್ಷ ತಡ ಎನಿಸಿದರೂ ಸತ್ತ ಗಿಡದ ಜಾಗಕ್ಕೆ ಮತ್ತೆ ನೆಡುವುದು ಅದಕ್ಕಿಂತ ತಡ.

ಸಸಿ ಚೀಲಕ್ಕಿಂತ ದೊಡ್ಡದಾಗಿಬಿಟ್ಟಿದ್ದರೆ ಕಡ್ಡಿ ಮಾಡಿ ನೆಡಬಹುದು: ಹೆಬ್ಬೆರಳು ಗಾತ್ರದ ಬುಡ ಆರಿಸಿ ಕಾಂಡವನ್ನು ಒಂದು ಇಂಚಿಗೆ, ತಾಯಿಬೇರನ್ನು 8 ಇಂಚಿಗೆ ಕತ್ತರಿಸಿ, ಹಾರೆಯ ತೂತಿನಲ್ಲಿ ಇಳಿಸಿ ಮಣ್ಣು ಬಿಗಿ ಮಾಡುವುದು. ಒಳ್ಳೆಯ ಮಳೆ ಹಿಡಿದ ವಾರದಲ್ಲಿ ಮಾತ್ರ.

ಗುಂಡಿ, ಅಂತರ, ಮಣ್ಣು

ಏಪ್ರಿಲ್ ಮೇನಲ್ಲೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಗರಸು ನೆಲವಾದರೆ ಎರಡು ಅಡಿ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ ಗುಡ್ಡೆ ಹಾಕಿ. ತುಂಬುವಾಗ ಮೇಲ್ಮಣ್ಣು ತಳಕ್ಕೆ ಹೋಗಬೇಕು. ಗುಂಡಿಗೆ 5 ಕಿಲೋ ತಿಪ್ಪೆಗೊಬ್ಬರ, ಗೆದ್ದಲಿನ ಕಾಟ ಇರುವ ಮಸಾರಿಗೆ 200 ಗ್ರಾಂ ಬೇವಿನ ಹಿಂಡಿ. ಚೀಲ ಕತ್ತರಿಸಿ ತೆಗೆದು, ಕಾಂಡ ಚೀಲದಲ್ಲಿ ಎಷ್ಟು ಹೂತಿತ್ತೋ ಅಷ್ಟೇ ಹೂಳಿ.

ಮಸಾರಿಯಲ್ಲಿ ತಪಸಿ ಸಲೀಸು. ಎರೆಯಲ್ಲಿ ಎರಡು ಕಷ್ಟ. ಮಳೆಗಾಲದಲ್ಲಿ ಗುಂಡಿ ಬಟ್ಟಲಾಗಿ ನೀರು ನಿಲ್ಲುತ್ತದೆ, ಆದ್ದರಿಂದ ಅಲ್ಲಿ ಸಸಿಯನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬದಲ್ಲಿ ನೆಡಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ, ಬಿರುಕಿನೊಳಗೆ ಬಿಸಿಗಾಳಿ ಇಳಿಯುತ್ತದೆ. ಫೆಬ್ರವರಿಯಲ್ಲೇ ಬುಡದ ಸುತ್ತ ಮೂರು ಅಡಿ ಮಣ್ಣು ಕೆದಕಿ, ಮೇಲೆ ನಾಲ್ಕು ಇಂಚು ತೊಗರಿ ಕಟ್ಟಿಗೆ ಪುಡಿ ಅಥವಾ ಜೋಳದ ದಂಟು ಮುಚ್ಚಿ. ಕಾಲುವೆ ಕೆಳಗಿನ ಸೌಳು ಬಿದ್ದ ಗದ್ದೆಯಲ್ಲಿ, ಬಿಳಿ ಉಪ್ಪು ಕಾಣುವ ಕಡೆ, ನೆಡಲು ಹೋಗಬೇಡಿ.

ತೋಪಿಗೆ 5 ಮೀಟರ್ ಅಂತರ, ಎಕರೆಗೆ ಸುಮಾರು 160 ಗಿಡ. ಬದುವಿನ ಮೇಲೆ 8ರಿಂದ 10 ಮೀಟರಿಗೊಂದು. ಬೆಳೆ ಇರುವ ಹೊಲವಾದರೆ ಬಡಗಣ ಬದುವಿಗೆ ನೆಡಿ. ಹಿಂಗಾರಿನ ಕಡಲೆ, ಜೋಳದ ಕಾಲಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ, ನಿಮ್ಮ ಬೆಳೆಗೆ ತೊಂದರೆ ಇಲ್ಲ. ಆಚೆ ಹೊಲದವನ ಬೆಳೆಗೆ ಬೀಳುತ್ತದೆ ಎಂಬುದೂ ನಿಜ. ಅಲ್ಲಿ ದಾರಿಯೋ ಹಳ್ಳವೋ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊದಲೇ ಮಾತಾಡಿಕೊಳ್ಳಿ.

ಮನೆ, ಶಾಲೆ, ಆಸ್ಪತ್ರೆ ಹತ್ತಿರ ಈ ಮರ ಬೇಡ. ತಪಸಿಯ ಪರಾಗ ಅಲರ್ಜಿ ತರುವ ಪರಾಗಗಳಲ್ಲಿ ಹೆಸರಾದದ್ದು. ಹೂ ಬಿಡುವ ತಿಂಗಳುಗಳಲ್ಲಿ ಸೀನು, ಕಣ್ಣುರಿ, ಉಬ್ಬಸ ಹೆಚ್ಚಾಗುವವರಿದ್ದಾರೆ. ಪರಾಗ ಗಾಳಿಯಲ್ಲಿ ದೂರ ಹೋಗುವುದರಿಂದ ಹತ್ತಿಪ್ಪತ್ತು ಮೀಟರ್ ಸರಿಸಿ ನೆಟ್ಟರೆ ಪ್ರಯೋಜನವಿಲ್ಲ. ಅಂಗಳಕ್ಕೆ ಬೇವು, ಹೊಂಗೆ ನೆಟ್ಟು ತಪಸಿಯನ್ನು ಹೊಲಕ್ಕೆ, ಗುಡ್ಡದ ಬುಡಕ್ಕೆ ಬಿಡಿ. ಹಳೆ ಕಲ್ಲುಗೋಡೆ, ಬಾವಿಕಟ್ಟೆ, ಗುಡಿಯ ಸಂದಿನಲ್ಲಿ ಬೀಜ ಸಿಕ್ಕಿಕೊಂಡು ಮೊಳೆತಿದ್ದರೆ ಗೇಣುದ್ದ ಇರುವಾಗಲೇ ಕೀಳಬೇಕು. ಬೇರು ಕಲ್ಲಿನೊಳಗೆ ದಪ್ಪವಾದ ಮೇಲೆ ಗಿಡ ಕಡಿದರೂ ಮತ್ತೆ ಮತ್ತೆ ಚಿಗುರುತ್ತದೆ.

ಮೊದಲೆರಡು ವರ್ಷ

ಬಿಸಿಲಿಗಿಂತ ಆಡು ಕುರಿಗೇ ತಪಸಿ ಸಸಿ ಹೆಚ್ಚು ಬಲಿಯಾಗುವುದು. ನಮಗೆ ನಾರುವ ಎಲೆ ಅವಕ್ಕೆ ನಾರುವುದಿಲ್ಲ. ಒಮ್ಮೆ ತುದಿ ಕಡಿದರೆ ಗಿಡ ಸಾಯದಿದ್ದರೂ ಪೊದೆಯಾಗಿ ಕೂರುತ್ತದೆ, ನೆಟ್ಟಗಿನ ಕಾಂಡ ಕೈಬಿಟ್ಟಂತೆಯೇ. ತುದಿ ಆರು ಅಡಿ ದಾಟುವ ತನಕ ಮುಳ್ಳುಬೇಲಿ ಇರಲಿ. ಬಳ್ಳಾರಿ ಜಾಲಿಯ ಮುಳ್ಳು ಇದಕ್ಕೆ ಪುಕ್ಕಟೆ ಸಿಗುತ್ತದೆ, ಆದರೆ ಕಾಯಿ ಇಲ್ಲದ ಕೊಂಬೆ ನೋಡಿ ಕಡಿಯಿರಿ. ಕಾಯಿ ಸಮೇತ ತಂದು ಸುತ್ತಿದರೆ ಎರಡು ವರ್ಷದಲ್ಲಿ ಬೇಲಿಯ ಜಾಗದಲ್ಲೇ ಜಾಲಿ ಹುಟ್ಟಿ ತಪಸಿಯನ್ನು ನುಂಗುತ್ತದೆ.

ನೀರು: ಮಳೆ ನಿಂತ ಮೇಲೆ ಡಿಸೆಂಬರಿನಿಂದ ಫೆಬ್ರವರಿ ತನಕ 15 ದಿನಕ್ಕೊಮ್ಮೆ 10 ಲೀಟರ್, ಮಾರ್ಚ್‌ನಿಂದ ಮೇ ತನಕ 10 ದಿನಕ್ಕೊಮ್ಮೆ 15 ಲೀಟರ್. ದಿನಾ ಒಂದು ಚೊಂಬು ಹಾಕುವುದು ಮೇಲುಬೇರಿನ ಅಭ್ಯಾಸ ಮಾಡಿಸುತ್ತದೆ. ನೀವು ಒಂದು ವಾರ ಊರಿಗೆ ಹೋದರೆ ಗಿಡ ಹೋಯಿತು. ಬುಡದಿಂದ ಒಂದು ಅಡಿ ದೂರ ಮಣ್ಣಿನ ಗಡಿಗೆ ಹೂತು, ತಳಕ್ಕೆ ಸಣ್ಣ ತೂತು ಮಾಡಿ ಬತ್ತಿ ಸಿಗಿಸಿ ತುಂಬಿಸಿಟ್ಟರೆ ಅರ್ಧ ನೀರು ಉಳಿಯುತ್ತದೆ. ಎರಡನೇ ಬೇಸಿಗೆಗೆ ತಿಂಗಳಿಗೆರಡು ಸಲ ಸಾಕು. ಮೂರನೆಯದಕ್ಕೆ ಏನೂ ಬೇಡ.

ಚಳಿಗಾಲದಲ್ಲಿ ಎಲೆಯೆಲ್ಲ ಉದುರಿದಾಗ ಸತ್ತಿತೆಂದು ಕಿತ್ತುಬಿಡುವುದೂ ಉಂಟು. ಉಗುರಿನಿಂದ ತೊಗಟೆ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕೆಳಗೆ ಕೆಳಗೆ ಕೆರೆಯುತ್ತ ಬುಡದ ತನಕ ಕಂದು ಬಣ್ಣವೇ ಸಿಕ್ಕರೂ ಒಂದು ಮಳೆ ಕಾದು ನೋಡಿ, ಬುಡದಿಂದ ಚಿಗುರುವ ಜಾತಿ ಇದು.

ಕಡಿಯುವುದು, ಬಳಸುವುದು

ಮೇವಿಗೆ ಸೊಪ್ಪು ತರಿಯುವುದಾದರೆ ಐದನೇ ವರ್ಷದ ನಂತರ, ಎಲೆ ಉದುರುವ ಮುನ್ನ ನವೆಂಬರಿನಲ್ಲಿ, ಒಮ್ಮೆಗೆ ಮೂರರಲ್ಲಿ ಒಂದು ಪಾಲು ಕೊಂಬೆ ಮಾತ್ರ. ತೊಗಟೆ, ಎಲೆ ಆಯುರ್ವೇದದಲ್ಲಿ ಕೀಲುನೋವಿಗೆ, ಚರ್ಮದ ತೊಂದರೆಗೆ ಬಳಕೆಯಲ್ಲಿವೆ. ಎಷ್ಟು, ಹೇಗೆ ಎಂಬುದು ವೈದ್ಯರು ಹೇಳಬೇಕಾದ ಮಾತು, ಮನೆಯಲ್ಲಿ ಕಷಾಯ ಮಾಡಿ ಕುಡಿಯುವುದು ಬೇಡ.

ಕಟ್ಟಿಗೆ ತಿಳಿ ಹಳದಿ, ಹದವಾದ ಗಟ್ಟಿ, ಒಳಗೆ ಕಪ್ಪು ಚೇಗು ಎಂದು ಬೇರೆ ಕಾಣುವುದಿಲ್ಲ. ಪೆಟ್ಟಿಗೆ, ಅಗ್ಗದ ಪೀಠೋಪಕರಣ, ಬಾಚಣಿಗೆ, ಬಂಡಿಯ ಬಿಡಿಭಾಗಕ್ಕೆ ಆಗುತ್ತದೆ, ಉರುವಲಿಗೆ ಚೆನ್ನ. ಬಾಗಿಲ ಚೌಕಟ್ಟಿಗೆ, ಮಳೆ ತಾಗುವ ಕಡೆಗೆ ಹಾಕಿದರೆ ಹುಳು ತಿನ್ನುತ್ತದೆ. ಸ್ವಂತ ಹೊಲದ ಮರವಾದರೂ ಕಡಿಯುವ ಮುನ್ನ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಡಿ ಅನುಮತಿ ಬೇಕೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ನೆಡುವಾಗಲೂ ಅದೇ ಕಚೇರಿಗೆ ಹೋಗಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಈ ಜಾತಿಗೆ ಆ ವರ್ಷ ಹಣ ಇದೆಯೇ ವಿಚಾರಿಸಿ ಹೆಸರು ಬರೆಸಿ. ಬದುಕಿ ಉಳಿದ ಸಸಿಯ ಲೆಕ್ಕಕ್ಕೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಯೋಜನೆ ಅದು.

ಕಡಿದ ದಿಮ್ಮಿಯನ್ನು ಹೊಲದಲ್ಲೇ ಬಿಟ್ಟರೆ ಕೆಲವೇ ವಾರದಲ್ಲಿ ನೀಲಿ ಬೂದು ಕಲೆ ಒಳಗೆ ಹರಡುತ್ತದೆ, ಹಿಂದೆಯೇ ಕೊರೆಹುಳು ಹಿಟ್ಟು ಉದುರಿಸಲು ಶುರುಮಾಡುತ್ತದೆ. ಸಾಮಿಲ್ಲಿನಲ್ಲಿ ದಿನ ಗೊತ್ತು ಮಾಡಿಕೊಂಡೇ ಕೊಡಲಿ ಹಾಕಿ. ಕೊಯ್ದ ಹಲಗೆಗಳ ನಡುವೆ ಒಂದಂಗುಲದ ಪಟ್ಟಿ ಕೊಟ್ಟು ನೆರಳಲ್ಲಿ ಅಟ್ಟಿ ಹಾಕಿ, ಮೇಲೆ ಭಾರ ಇಡಿ. ಮರವನ್ನು ನೆಲದಿಂದ ಗೇಣು ಎತ್ತರದಲ್ಲಿ, ಮಳೆ ನೀರು ಜಾರುವಂತೆ ಓರೆಯಾಗಿ ಕೊಯ್ದಿದ್ದರೆ ಮುಂದಿನ ಮುಂಗಾರಿಗೆ ಬುಡದ ಸುತ್ತ ಹತ್ತಾರು ಚಿಗುರು ಏಳುತ್ತವೆ, ಹಲ್ಲಿನಂಚಿನ ಎಲೆಯವು. ಎರಡು ಗಟ್ಟಿ ಚಿಗುರು ಬಿಟ್ಟು ಉಳಿದದ್ದನ್ನು ಆರು ತಿಂಗಳೊಳಗೆ ಸವರಿ ಆಡಿಗೆ ಹಾಕಿ, ಮುಳ್ಳುಬೇಲಿ ಮತ್ತೆ ಕಟ್ಟಿ.